ಗುಡ್ಡೆಹುಂಡಿಗೆ ಹೋಗದ ಕರೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬೆಳಗಿನ ಬಸ್ಸು ತೆರಕಣಾಂಬಿಯಲ್ಲಿ ನಿಂತು ಜನ ಹತ್ತಿಸಿಕೊಳ್ಳುತ್ತಿದ್ದಾಗ ಸ್ವರ್ಣಲತಾಳ ಫೋನು ಬಡಿದುಕೊಂಡಿತು. ಮಾದೇಶ. ಅವಳ ಆಫೀಸಿನವನೇ, ಕಾಡಂಚಿನ ಊರುಗಳಲ್ಲಿ ಮರಕ್ಕೆ ಕ್ಯಾಮೆರಾ ಕಟ್ಟುವುದು, ಬ್ಯಾಟರಿ ಬದಲಿಸುವುದು ಅವನ ಕೆಲಸ. ಇಷ್ಟು ಬೇಗ ಫೋನು ಮಾಡುವವನಲ್ಲ.

"ಅಕ್ಕ, ಗುಡ್ಡೆಹುಂಡೀಲಿ ಆನೆ ಒಡೆದ್ಬುಡ್ತು. ಚಿಕ್ಕನಿಂಗಮ್ಮ ಅಂತ, ಬೀರಯ್ಯನ ಎಂಡ್ರು. ಚೆಂಡೂವ ಕುಯ್ಯಕ್ಕೆ ಓಗಿದ್ರಂತೆ. ಜೀವ ಅದೆ. ಚಾಮ್ರಾಜನಗ್ರದ ಆಸ್ಪತ್ರೆಗೆ ತಕ್ಕೊಂಡೋಯ್ತಾವ್ರೆ."

"ಫೋನ್ ಓಗಿತ್ತಲ್ಲ ಮಾದೇಶ? ಬೆಳಿಗ್ಗೆ ಊರಿಗೆ ಫೋನ್ ಓಗಿತ್ತಲ್ಲ?"

ಬಸ್ಸು ಹೊರಟಿತು.

"ಅದ್ನೇ ನಿಮ್ಮನ್ನ ಕೇಳನ ಅಂತ ಮಾಡ್ದೆ ಅಕ್ಕ. ಊರ್ನಲ್ಲಿ ಯಾರ್ಗೂ ಬರ್ನಿಲ್ವಂತೆ."

ಸ್ವರ್ಣಲತಾ ಹರವೆಯವಳು. ಅಪ್ಪ ರಾಚಯ್ಯ ಅವರಿವರ ಹೊಲದಲ್ಲಿ ಕೂಲಿ ಮಾಡಿ, ಆಮೇಲೆ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿ, ಮಗಳನ್ನು ಚಾಮರಾಜನಗರದಲ್ಲಿ ಬಿಎಸ್ಸಿ ಓದಿಸಿದ್ದ. ಓದು ಮುಗಿದ ಮೇಲೆ ಅವಳು ಕೆಲವು ವರ್ಷ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿದ್ದಳು. ಮದುವೆಯಾಯಿತು. ಗಂಡ ಚಂದ್ರಕುಮಾರ್ ಹಾಲಿನ ವ್ಯಾನು ಓಡಿಸುತ್ತಾನೆ. ಆನೆ ಕಾಟವಿರುವ ಊರುಗಳಿಗೆ ಮುಂಚಿತವಾಗಿ ಸುದ್ದಿ ಮುಟ್ಟಿಸುವ ಸಣ್ಣ ಸಂಸ್ಥೆಯೊಂದು ಗುಂಡ್ಲುಪೇಟೆಯಲ್ಲಿ ಬಾಗಿಲು ತೆರೆದಾಗ ಅಲ್ಲಿಗೆ ಡೇಟಾ ಎಂಟ್ರಿಗೆಂದು ಸೇರಿದಳು. ಶಶಿಕುಮಾರ ಎಂಬ ಎಂಜಿನಿಯರನ ಪಕ್ಕ ಕೂತು, ನೋಡಿ ನೋಡಿ, ಕೇಳಿ ಕೇಳಿ, ಕೋಡು ಬರೆಯುವುದನ್ನು ಕಲಿತಳು. ಶಶಿಕುಮಾರ ಬೇರೆ ಕಡೆ ಕೆಲಸ ಸಿಕ್ಕಿ ಹೊರಟ ಮೇಲೆ ಸಂಸ್ಥೆ ಇನ್ನೊಬ್ಬನನ್ನು ಹುಡುಕುವ ಗೋಜಿಗೆ ಹೋಗಲಿಲ್ಲ. "ನಿನಗೆ ಎಲ್ಲಾ ಗೊತ್ತಲ್ಲ ಸ್ವರ್ಣ, ನೀನೇ ನೋಡ್ಕೋ" ಎಂದರು ಸಂಸ್ಥೆ ನಡೆಸುವ ಶಿವರಂಜಿನಿ ಮೇಡಂ. ಅವಳು ಹಿಗ್ಗಿಹೋಗಿದ್ದಳು. ಹರವೆಗೆ ಹೋಗಿ ಅಪ್ಪನಿಗೆ ಹೇಳಿ ಬಂದಿದ್ದಳು.

ಕೆಲಸ ಹೇಳುವುದಕ್ಕೆ ಸುಲಭ. ಪ್ರತಿ ಊರಿನ ಸುತ್ತ ಕಾಡಿನ ಕಡೆಗೆ ನಾಲ್ಕೈದು ಕ್ಯಾಮೆರಾ. ಯಾವುದಾದರೂ ಪ್ರಾಣಿ ಹಾದರೆ ಅದರ ಚಿತ್ರ ಗುಂಡ್ಲುಪೇಟೆಯ ಕಂಪ್ಯೂಟರಿಗೆ ಬಂದು ಬೀಳುತ್ತದೆ. ಅಲ್ಲಿ ಊರಿಗೊಂದರಂತೆ ಒಂದು ಪ್ರೋಗ್ರಾಮು ತನ್ನ ಪಾಡಿಗೆ ಓಡುತ್ತಿರುತ್ತದೆ. ಆಫೀಸಿನಲ್ಲಿ ಅದಕ್ಕೆ ಜಾಬ್ ಎನ್ನುತ್ತಾರೆ. ಆ ಜಾಬ್ ಚಿತ್ರದ ತಾರೀಖು ನೋಡಿ, ಹಳೆಯದಾದರೆ ಬಿಟ್ಟು, ಹೊಸದಾದರೆ ಅದರಲ್ಲಿ ಆನೆ ಇದೆಯೇ ಎಂದು ಗುರುತಿಸಿ, ಇದ್ದರೆ ಊರಿನವರ ಫೋನುಗಳಿಗೆಲ್ಲ ಕರೆ ಕಳಿಸುತ್ತದೆ: ನಿಮ್ಮೂರ ಹತ್ತಿರ ಆನೆ ಇದೆ, ಹೊಲದ ಕಡೆ ಹೋಗಬೇಡಿ.

ಶಶಿಕುಮಾರ ಮೊದಲನೇ ಊರಿನ ಜಾಬನ್ನು ಅಚ್ಚುಕಟ್ಟಾಗಿಯೇ ಬರೆದಿದ್ದ. ಎರಡನೇ ಊರು ಬಂದಾಗ ಆ ಫೋಲ್ಡರನ್ನೇ ನಕಲು ಮಾಡಿ, ಹೆಸರು, ಫೋನ್ ನಂಬರು ಬದಲಿಸಿದ. ಮೂರನೆಯದಕ್ಕೆ ಎರಡನೆಯದರ ನಕಲು. ನಕಲಿನ ನಕಲು ಬೆಳೆಯುತ್ತ ಹೋಗಿ, ಸಂಸ್ಥೆಯ ಕೋಡೆಲ್ಲ ಇರುವ ಉಗ್ರಾಣದಲ್ಲಿ, ಅವರು ರೆಪೊ ಎನ್ನುವ ಜಾಗದಲ್ಲಿ, ಐವತ್ತು ಅರವತ್ತು ಊರುಗಳ ಫೋಲ್ಡರುಗಳು ತುಂಬಿಕೊಂಡವು. ನೋಡಲು ಎಲ್ಲ ಒಂದೇ ಬಸಿರಿನ ಮಕ್ಕಳು, ಹತ್ತಿರ ಹೋದರೆ ಒಂದರಂತೆ ಒಂದಿಲ್ಲ. ಒಂದು ಕಡೆ ಒಂದು ಸಾಲು ಹೆಚ್ಚು, ಇನ್ನೊಂದು ಕಡೆ ಒಂದು ಅಂಕಿ ಬೇರೆ. ಯಾಕೆ ಎಂದು ಬರೆದಿಟ್ಟವರಿಲ್ಲ.

ಗುಂಡ್ಲುಪೇಟೆಯಲ್ಲಿ ಬಸ್ಸಿಳಿದು ಅವಳು ಆಫೀಸಿಗೆ ಓಡಿದಳು. ಮೆಟ್ಟಿಲು ಹತ್ತುವಾಗಲೇ ಬ್ಯಾಗಿನಿಂದ ಲ್ಯಾಪ್‌ಟಾಪು ಹೊರಗೆ ತೆಗೆದಿದ್ದಳು. ಗುಡ್ಡೆಹುಂಡಿಯ ಜಾಬ್ ಬೆಳಿಗ್ಗೆ ಓಡಿದೆ. ಪಕ್ಕದಲ್ಲಿ ಹಸಿರು ಗುರುತು: ಕೆಲಸ ಮುಗಿದಿದೆ, ತಪ್ಪಿಲ್ಲ. ಹಾಗಾದರೆ ಕ್ಯಾಮೆರಾ ಕೆಟ್ಟಿರಬೇಕು ಎಂದುಕೊಂಡಳು. ದೇವರೇ, ಕ್ಯಾಮೆರಾ ಕೆಟ್ಟಿರಲಿ ಎಂದೂ ಅಂದುಕೊಂಡಳು. ಬಂದ ಚಿತ್ರಗಳನ್ನು ತೆರೆದಳು.

ಒಂಟಿ ಸಲಗ. ಮಬ್ಬು ಬೆಳಕಿನಲ್ಲಿ ಕಂದಕ ದಾಟಿ ಬರುತ್ತಿರುವುದು, ಕಿವಿ ಅಗಲಿಸಿ ನಿಂತಿರುವುದು, ಹೂವಿನ ಹೊಲದ ಕಡೆ ತಿರುಗಿರುವುದು. ಚಿಕ್ಕನಿಂಗಮ್ಮ ಮನೆ ಬಿಡುವುದಕ್ಕೆ ಎಷ್ಟೋ ಮುಂಚೆಯೇ ಚಿತ್ರಗಳು ಬಂದು ಕೂತಿದ್ದವು. ಜಾಬ್ ಅವನ್ನು ನೋಡಿ, ಹಳೆಯವು ಎಂದು ಪಕ್ಕಕ್ಕೆ ತಳ್ಳಿತ್ತು.

ಆಗಸ್ಟಿನ ಮೊದಲ ವಾರ ಅದು. ಒಂದೆರಡು ದಿನದ ಹಿಂದಷ್ಟೇ ಮಾದೇಶ ಕೆಲವು ಊರುಗಳಿಗೆ ಹೊಸ ಕ್ಯಾಮೆರಾ ಕಟ್ಟಿ ಬಂದಿದ್ದ. ಹಳೆಯವು ತಾರೀಖು ಬರೆಯುವಾಗ ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುತ್ತಿದ್ದವು, ಹೊಸವು ತಿರುಗಾಮುರುಗಾ. ಅದಕ್ಕೆ ತಕ್ಕಂತೆ ಆ ಊರುಗಳ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ಸ್ವರ್ಣಲತಾಳೇ ತಿದ್ದಿದ್ದಳು. ಗುಡ್ಡೆಹುಂಡಿಯದನ್ನೂ ತಿದ್ದಿ, ಓಡಿಸಿ ನೋಡಿದ್ದಳು. ಸರಿ ಬಂದಿತ್ತು. ಆದರೆ ರೆಪೊದಲ್ಲಿ ಆ ಊರಿನ ಹೆಸರಿನ ಫೋಲ್ಡರು ಯಾವತ್ತೂ ಇರಲಿಲ್ಲ. ಶಶಿಕುಮಾರ ಅದನ್ನು ‘ತೆರಕಣಾಂಬಿ ಎರಡು’ ಎಂದು ಕರೆದಿದ್ದ. ಅದರ ಕೆಳಗೆ ‘ತೆರಕಣಾಂಬಿ ಎರಡು ಹೊಸದು’. ಅದರ ಕೆಳಗೆ, ಅವಳು ಕಣ್ಣು ಹಾಯಿಸದೇ ಬಿಟ್ಟದ್ದು, ‘ತೆರಕಣಾಂಬಿ ಎರಡು ಹೊಸದು ಫೈನಲ್’. ನಿಜವಾಗಿ ಓಡುತ್ತಿದ್ದದ್ದು ಕೊನೆಯದು. ಅವಳು ತಿದ್ದಿದ್ದು ಮೊದಲನೆಯದನ್ನು, ಯಾವತ್ತೋ ಸತ್ತು ಬಿದ್ದಿದ್ದ ನಕಲನ್ನು. ತಿದ್ದದೆ ಉಳಿದ ಜಾಬು ಆಗಸ್ಟ್ ಐದನ್ನು ಮೇ ಎಂಟು ಎಂದು ಓದಿ, ಮೂರು ತಿಂಗಳ ಹಿಂದಿನ ಆನೆಗೆ ಊರನ್ನೇಕೆ ಎಬ್ಬಿಸಲಿ ಎಂದು ಸುಮ್ಮನಿತ್ತು.

ಎದ್ದು ನೀರು ಕುಡಿಯಲು ಹೋದವಳು ಲೋಟ ಹಿಡಿದುಕೊಂಡೇ ನಿಂತಳು. ಶಿವರಂಜಿನಿ ಬಂದಾಗ ಹಾಗೇ ನಿಂತಿದ್ದಳು. ಇದ್ದದ್ದು ಇದ್ದಂತೆ ಹೇಳಿದಳು. ಮೇಡಂ ಕುರ್ಚಿಯ ತುದಿಗೆ ಕೂತು ಪೂರಾ ಕೇಳಿದರು. ಕೆಟ್ಟವರಲ್ಲ, ಮುಖ ಬಿಳಿಚಿಕೊಂಡಿತ್ತು.

"ಮೊದಲು ಅದನ್ನ ಸರಿ ಮಾಡು. ಬೇರೆ ಊರುಗಳಲ್ಲೂ ಹೀಗೆ ಆಗಿದ್ಯಾ ನೋಡು. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗೋಣ" ಎಂದರು.

ಆದರೆ ಮೇಡಮ್ಮಿಗೆ ಫೋನಿನ ಮೇಲೆ ಫೋನು. ಸ್ವರ್ಣಲತಾ ಒಬ್ಬಳೇ ಹೋದಳು. ಹಿಂದಕ್ಕೆ ಹೋಗುವ ಬಸ್ಸು ತೆರಕಣಾಂಬಿ ದಾಟುವಾಗ ಕಿಟಕಿಯ ಕಡೆ ನೋಡಲು ಅವಳಿಂದಾಗಲಿಲ್ಲ. ರಸ್ತೆಯ ಎರಡೂ ಬದಿ ಚೆಂಡು ಹೂವು ಹಳದಿಯಾಗಿ ಹರಡಿಕೊಂಡಿತ್ತು.

ಆಸ್ಪತ್ರೆಯಲ್ಲಿ ಚಿಕ್ಕನಿಂಗಮ್ಮ ಗೋಡೆಯ ಬದಿಯ ಮಂಚದಲ್ಲಿ ಮಲಗಿದ್ದಳು. ಸೊಂಟದ ಮೂಳೆ ಮುರಿದಿತ್ತು. ತಲೆಗೂದಲಿನಲ್ಲಿ ಇನ್ನೂ ಮಣ್ಣು. ಕಾಲ ಬಳಿ ಗಂಡ ಬೀರಯ್ಯ, ಕಪ್ಪಗೆ ಎತ್ತರದ ಮನುಷ್ಯ, ಟವೆಲ್ಲು ಮುದುರಿ ಹಿಡಿದು ನಿಂತಿದ್ದ. ತಾನು ಯಾರೆಂದು ಸ್ವರ್ಣಲತಾ ಹೇಳಿದಳು. ಫೋನಿನವರು ಎಂದ ಕೂಡಲೇ ಚಿಕ್ಕನಿಂಗಮ್ಮ ಕಣ್ಣು ತೆರೆದಳು.

"ಫೋನ್ ಬರ್ನಿಲ್ಲ ಕಣವ್ವ" ಎಂದಳು, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. "ಮದ್ಲೆಲ್ಲ ನಾಯಿ ಬೊಗಳ್ತದಾ, ಲದ್ದಿ ಅದಾ ಅಂತ ನೋಡ್ಕಂಡು, ತಗಡು ಬಡ್ಕಂಡು ಓಯ್ತಿದ್ದೊ. ಈಗ ಫೋನ್ ಬತ್ತದಲ್ಲ, ಅದ್ಕೇ ಯೋಚ್ನೆ ಬುಟ್ಬುಟ್ಟಿದ್ದೊ. ಇವತ್ತು ಬರ್ನಿಲ್ಲ. ಬರ್ನಿಲ್ಲ ಅಂತ್ಲೇ ಓದೆ."

ಸ್ವರ್ಣಲತಾ ಮಂಚದ ಕಂಬಿ ಹಿಡಿದುಕೊಂಡಳು. "ತಪ್ಪು ನಂದು ಅವ್ವ. ಚಿತ್ರ ಬಂದಿತ್ತು. ನಾನು ತಿದ್ದಬೇಕಾದ್ದನ್ನ ಬಿಟ್ಟು ಬೇರೆದನ್ನ ತಿದ್ದಿದ್ದೆ. ಅದಕ್ಕೇ ನಿಮಗೆ ಫೋನ್ ಬರಲಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

"ಆನೆ ನಿಮ್ದಾ ತಾಯಿ?" ಎಂದ ಬೀರಯ್ಯ. "ಆನೆ ಒಡೆದ್ರೆ ನೀವ್ ಏನ್ ಮಾಡೀರಿ? ನಮ್ ಅಣೇಬರ." ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕೇಳಿದ: "ಒಂದ್ ಏಳಿ. ಇನ್ಮ್ಯಾಕೆ ಫೋನ್ ಬರ್ನಿಲ್ಲ ಅಂದ್ರೆ ಆನೆ ಇಲ್ಲ ಅಂತ್ಲಾ, ಇಲ್ಲ ನಿಮ್ ಮಿಷನ್ನು ಕೆಟ್ಟೋಗದೆ ಅಂತ್ಲಾ? ನಾವು ಯಾವ್ದು ಅಂತ ತಿಳ್ಕಳನ?"

ಅವಳಿಗೆ ಬೈದಿದ್ದರೆ, ಕಪಾಳಕ್ಕೆ ಬಾರಿಸಿದ್ದರೆ ಒಂದಿಷ್ಟಾದರೂ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ತಪ್ಪು ಅವಳದೆಂಬುದೇ ಅವರಿಗೆ ನಾಟಲಿಲ್ಲ. ಅದನ್ನು ಹೊತ್ತುಕೊಳ್ಳಲು ಅವಳೊಬ್ಬಳೇ ಉಳಿದಳು.

ಆಮೇಲಿನ ದಿನಗಳು ಅವಳ ಬಾಳಿನಲ್ಲೇ ಕೆಟ್ಟವು. ಎಲ್ಲಿ ಫೋನು ಬಡಿದುಕೊಂಡರೂ ಮೈ ಜುಂ ಎನ್ನುತ್ತಿತ್ತು. ಆಫೀಸಿನಲ್ಲಿ ಹಸಿರು ಗುರುತುಗಳ ಸಾಲು ಕಂಡರೆ ಒಂದನ್ನೂ ನಂಬಲಾಗುತ್ತಿರಲಿಲ್ಲ. ಇವುಗಳಲ್ಲಿ ಯಾವುದು ಸುಳ್ಳು ಹೇಳುತ್ತಿದೆ? ಒಂದೊಂದೇ ಫೋಲ್ಡರು ಬಿಚ್ಚಿ ನೋಡಿದಳು. ಒಂದೂರಿನ ಜಾಬ್ ಪಕ್ಕದೂರಿನ ಕ್ಯಾಮೆರಾ ನೋಡುತ್ತಿತ್ತು. ಇನ್ನೊಂದು ಊರಿನ ಕರೆಗಳು ಯಾರೂ ಬಳಸದ ನಂಬರುಗಳಿಗೆ ಹೋಗುತ್ತಿದ್ದವು. ಬಗೆದಷ್ಟೂ ಹೊರಬರುತ್ತಿತ್ತು. ಯಾರೂ ಸತ್ತಿಲ್ಲ ಎನ್ನುವುದೇ ಆಶ್ಚರ್ಯ.

"ಬುಟ್ಬುಡು ಆ ಕೆಲ್ಸನ" ಎಂದ ಚಂದ್ರಕುಮಾರ್. "ಮೊದ್ಲಿನಂಗೆ ಟೈಪ್ ಮಾಡ್ಕಂಡಿರು. ಮನುಷ್ಯರಂಗೆ ಕಾಣ್ತಿಲ್ಲ ನೀನು."

"ನಾನು ಬುಟ್ರೆ ಅವನ್ನ ನೋಡೋರ್ ಯಾರು? ಯಾವ್ದು ಬದುಕದೆ, ಯಾವ್ದು ಸತ್ತದೆ ಅಂತ ನನಗಾದ್ರೂ ಅಷ್ಟೋ ಇಷ್ಟೋ ಗೊತ್ತದೆ" ಎಂದಳು. ಅದೇ ಅವಳನ್ನು ಕಟ್ಟಿಹಾಕಿತ್ತು. ಇರುವಂತಿಲ್ಲ, ಬಿಡುವಂತಿಲ್ಲ.

ದಸರೆಯೊಳಗೆ ಇನ್ನೂ ಹಲವು ಊರು ಸೇರಿಸಬೇಕೆಂದು ಹಣ ಕೊಡುವವರು ಶಿವರಂಜಿನಿಯ ಬೆನ್ನು ಹತ್ತಿದ್ದರು. ಮೇಡಂ ಒಂದು ಮಧ್ಯಾಹ್ನ ಅವಳ ಮೇಜಿನ ಬಳಿ ಬಂದರು.

"ಕಾಪಿ ಮಾಡಿ ಹೆಸರು ಬದಲಿಸೋದು ತಾನೇ ಸ್ವರ್ಣ? ಒಂದೂರಿಗೆ ಅರ್ಧ ದಿನ ಸಾಕು ಅಂತಿದ್ದ ಶಶಿ."

"ಇನ್ನೊಂದು ಕಾಪಿ ನನ್ನ ಕೈಲಾಗಲ್ಲ ಮೇಡಂ" ಎಂದಳು. ತನ್ನ ದನಿ ಏರಿದ್ದು ಅವಳಿಗೇ ಕೇಳಿಸಿತು. "ಎಲ್ಲ ಊರೂ ಮಾಡೋ ಕೆಲಸ ಒಂದೇ. ಅದನ್ನ ಒಂದೇ ಕಡೆ ಬರೀಬೇಕು. ಊರಿಗೆ ಬೇರೆ ಏನಿದೆಯೋ ಅಷ್ಟನ್ನ ಮಾತ್ರ ಆ ಊರಿನ ಹೆಸರಲ್ಲಿ ಒಂದು ಸಣ್ಣ ಪುಟದಲ್ಲಿ ಇಡಬೇಕು. ಯಾವ ಕ್ಯಾಮೆರಾ, ಯಾರ ಫೋನು, ಕನ್ನಡವೋ ತಮಿಳೋ. ಆಗ ತಾರೀಖು ಬದಲಾದರೆ ಒಂದು ಕಡೆ ತಿದ್ದಿದರೆ ಆಯ್ತು. ನನಗೆ ಎರಡು ತಿಂಗಳು ಕೊಡಿ."

"ಎರಡು ತಿಂಗಳು ಹೊಸ ಊರೇ ಇಲ್ಲ ಅಂದ್ರೆ ನಮಗೆ ಬಾಗಿಲು ಹಾಕಿಸ್ತಾರೆ. ಆಗ ಇರೋ ಊರಿಗೂ ಫೋನ್ ಹೋಗಲ್ಲ. ಅದು ಗೊತ್ತಾ ನಿನಗೆ?"

ಇಬ್ಬರೂ ಹೇಳಿದ್ದು ನಿಜ. ಸ್ವರ್ಣಲತಾ ಎರಡನ್ನೂ ಮೈಮೇಲೆ ಹಾಕಿಕೊಂಡಳು. ಬೆಳಿಗ್ಗೆ ಹೊಸ ಊರು, ಮಧ್ಯಾಹ್ನದ ಮೇಲೆ ಹಳೆಯ ಊರುಗಳನ್ನು ಒಂದೊಂದಾಗಿ ಒಂದೇ ಕೋಡಿನ ಕೆಳಗೆ ತರುವುದು. ಬಸ್ಸಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡೇ ಬರುತ್ತಿದ್ದಳು. ಒಂದೂರನ್ನು ತಂದು, ಹಳೆಯ ಫೋಲ್ಡರನ್ನು ಅಳಿಸಿದ ದಿನ ಒಂದಿಷ್ಟು ಉಸಿರು ಬರುತ್ತಿತ್ತು. ಆ ಉಸಿರೇ ಅವಳನ್ನು ಕೆಡಿಸಿತು.

ಮೂಡಲಕೊಪ್ಪಲು ಎಂಬ ಊರಿನ ಫೋಲ್ಡರಿನಲ್ಲಿ ಎಲ್ಲೂ ಇಲ್ಲದ ಒಂದು ಸಾಲಿತ್ತು: ಮೂರನೇ ಕ್ಯಾಮೆರಾದಿಂದ ಸಂಜೆ ಬಂದ ಚಿತ್ರಗಳನ್ನು ನೋಡಬೇಡ. ಇದೇನು ಹುಚ್ಚು, ಸಂಜೆ ಆನೆ ಬರುವುದಿಲ್ಲವೇ ಎಂದು ಅವಳು ಅದನ್ನು ಕಿತ್ತುಹಾಕಿದಳು. ಇನ್ನೊಬ್ಬ ಚಿಕ್ಕನಿಂಗಮ್ಮ ಆಗಬಾರದು ಎಂದೇ ಕಿತ್ತುಹಾಕಿದಳು.

ವಾರ ಕಳೆದ ಮೇಲೆ ಮಾದೇಶ ಮೆಟ್ಟಿಲು ದಡದಡ ಹತ್ತಿ ಬಂದ. ಹೆಲ್ಮೆಟ್ಟನ್ನು ಮೇಜಿನ ಮೇಲೆ ಕುಕ್ಕಿದ.

"ಮೂಡ್ಲಕೊಪ್ಪಲಲ್ಲಿ ನನ್ನ ಊರೊಳಕ್ಕೆ ಬುಡ್ನಿಲ್ಲ ಅಕ್ಕ. ದಿನಾ ಸಂಜೆ ಆನೆ ಆನೆ ಅಂತ ಫೋನು. ಓಗ್ ನೋಡುದ್ರೆ ಕೆರೆಯಿಂದ ಬರೋ ಎಮ್ಮೆಗಳು! ಇಳಿಬಿಸಿಲಲ್ಲಿ ಆ ಕ್ಯಾಮೆರಾಗೆ ಎಮ್ಮೆನೂ ಒಂದೇ ಆನೆನೂ ಒಂದೇ. ಅದ್ಕೇ ನಾನೇ ಶಶಿಗೆ ಏಳಿ ಅದ ನಿಲ್ಲಿಸ್ದೆ. ನೀವ್ಯಾಕೆ ತೆಗುದ್ರಿ? ಈಗ ಅರ್ಧ ಊರು ನಮ್ ನಂಬ್ರನೇ ಬ್ಲಾಕ್ ಮಾಡ್ಬುಟ್ಟವ್ರೆ. ನಾಳೆ ದಿಟ್ವಾಗ್ಲೂ ಆನೆ ಬಂದ್ರೆ ಯಾರು ಎತ್ತಾರು?"

ಅವಳು ತಲೆಯನ್ನು ಎರಡು ಕೈಯಲ್ಲಿ ಹಿಡಿದು ಮೇಜಿನ ಮೇಲೆ ಬಗ್ಗಿಬಿಟ್ಟಳು. ಬೇರೆ ಬೇರೆ ಇಟ್ಟರೆ ಒಂದು ಮರೆತುಹೋಗುತ್ತದೆ. ಒಂದು ಮಾಡಿದರೆ ಒಂದು ಅಳಿಸಿಹೋಗುತ್ತದೆ. ಯಾವ ಕಡೆ ಹೆಜ್ಜೆ ಇಟ್ಟರೂ ಯಾರದೋ ಮೈಮೇಲೆ ಇಟ್ಟಂತೆ. ಜೋರಾಗಿ ಅತ್ತಳು. ಮಾದೇಶ ಸಿಟ್ಟು ಮರೆತು ಕೆಳಗೆ ಹೋಗಿ ಎರಡು ಟೀ ತಂದ.

"ಕೇಳ್ಬುಡಿ ಅಕ್ಕ" ಎಂದ. "ತಿಳೀದೆ ಇದ್ದುದ್ದ ತೆಗೀಬ್ಯಾಡಿ. ಕೇಳಿ. ನಾನು ಎಲ್ಲಾ ಊರ್ಗೂ ಓಗೋನಲ್ವಾ."

ಅಂದಿನಿಂದ ಪ್ರತಿ ಊರನ್ನು ಒಂದೇ ಕೋಡಿನ ಕೆಳಗೆ ತರುವಾಗಲೂ ಇಬ್ಬರೂ ಕೂತರು. ಎಲ್ಲೆಲ್ಲಿ ಬೇರೆಯಿದೆಯೋ ಅದು ಯಾಕೆ ಬೇರೆ ಎಂದು ಊರಿನ ಪುಟದಲ್ಲೇ ಬರೆದಳು. ಮಾದೇಶನಿಗೂ ಗೊತ್ತಿಲ್ಲದ್ದಕ್ಕೆ ಊರಿಗೆ ಫೋನು ಮಾಡಿ ಕೇಳಿದರು. ಕೆಲವಕ್ಕೆ ಕಾರಣ ಸಿಗಲೇ ಇಲ್ಲ. ಅವನ್ನು ಮುಟ್ಟುವ ಧೈರ್ಯವಿಲ್ಲದೆ ಹಾಗೇ ಉಳಿಸಿದಳು. ಕಿತ್ತ ಸಾಲನ್ನು ವಾಪಸು ಹಾಕಿ, ಮೂಡಲಕೊಪ್ಪಲಿಗೆ ಮಾದೇಶನ ಬೈಕಿನ ಹಿಂದೆ ತಾನೂ ಹೋಗಿ ಕೈಮುಗಿದು ಬಂದಳು. ಕೆಲವರು ನಂಬರು ಬಿಡಿಸಿದರು. ಕೆಲವರು ಬಿಡಿಸಲಿಲ್ಲ.

ಬೀರಯ್ಯ ಕೇಳಿದ್ದು ಮಾತ್ರ ಅವಳ ಮೈಯೊಳಗೆ ಮುಳ್ಳಿನಂತೆ ಮುರಿದು ನಿಂತಿತ್ತು. ಕೊನೆಗೆ ಆ ಒಂದೇ ಕೋಡಿನಲ್ಲಿ ಒಂದು ಹೊಸ ಕೆಲಸ ಸೇರಿಸಿದಳು. ಆನೆ ಕಾಣದಿದ್ದರೂ ದಿನಾ ಬೆಳಗಿನ ಜಾವ, ಜನ ಹೊಲಕ್ಕೆ ಹೊರಡುವ ಮುಂಚೆ ಪ್ರತಿ ಊರಿಗೂ ಒಂದು ಕರೆ: ಕ್ಯಾಮೆರಾ ನೋಡುತ್ತಿವೆ, ಈವರೆಗೆ ಆನೆ ಕಂಡಿಲ್ಲ. ಈ ಕರೆ ಬಾರದಿದ್ದರೆ ಹೊಲಕ್ಕೆ ಹೋಗಬೇಡಿ, ನಮಗೆ ಫೋನು ಮಾಡಿ. ಕೊನೆಯಲ್ಲಿ ಅವಳದೇ ನಂಬರು. ದಿನಾ ಯಾಕೆ ಪೀಡಿಸುತ್ತೀರಿ ಎಂದು ಬೈದವರೂ ಉಂಟು.

ಚಳಿಗಾಲ ಶುರುವಾಗುವ ಹೊತ್ತಿಗೆ ಎಲ್ಲ ಊರೂ ಒಂದೇ ಕೋಡಿನ ಕೆಳಗೆ ಬಂದಿದ್ದವು. ಒಂದು ದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ಇದ್ದಾಗ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. "ಕ್ಯಾಮೆರಾದವ್ರಾ? ಇವತ್ತು ಫೋನ್ ಬರ್ನಿಲ್ವಲ್ಲ?" ಇಟ್ಟ ಕೂಡಲೇ ಇನ್ನೊಂದು. ಮತ್ತೊಂದು. ಕೆಂಪು ಮಣ್ಣಿನ ಆ ಊರು, ಕಂದಕದ ಪಕ್ಕದ ಈ ಊರು, ಗಡಿಯ ಕಡೆಯಿಂದ ತಮಿಳಿನಲ್ಲಿ ಒಬ್ಬ ಹೆಂಗಸು. ಸ್ವರ್ಣಲತಾ ಒಲೆ ಆರಿಸಿ ಲ್ಯಾಪ್‌ಟಾಪು ತೆರೆದಳು. ಹಿಂದಿನ ಸಂಜೆ ಅವಳು ಒಂದು ಸಣ್ಣ ತಿದ್ದುಪಡಿ ಹಾಕಿದ್ದಳು. ಒಂದೇ ಕೋಡು, ಒಂದೇ ತಪ್ಪು. ಎಲ್ಲ ಊರೂ ಒಟ್ಟಿಗೆ ಮೂಕವಾಗಿದ್ದವು.

ಹಿಂದಿನ ಕೋಡನ್ನು ವಾಪಸು ಹಾಕಿ, ಕರೆ ಹೊರಟಿತೆಂದು ಖಾತ್ರಿಯಾಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಆಮೇಲೆ ಮಾದೇಶನಿಗೆ ಫೋನು ಮಾಡಿದಳು. "ಯಾರ್ಗಾದ್ರೂ ಏನಾದ್ರೂ ಆಯ್ತಾ?"

"ಇಲ್ಲ ಅಕ್ಕ. ನಾಕಾರು ಊರು ಕೇಳ್ದೆ. ಯಾರೂ ಒಲಕ್ಕೆ ಓಗಿಲ್ಲ. ಜಗಲಿ ಮ್ಯಾಲೆ ಕುಂತ್ಕಂಡು ನಮ್ಮನ್ನ ಬೈತಾವ್ರೆ."

ಶಿವರಂಜಿನಿಗೆ ಹಣ ಕೊಡುವವರಿಂದ ಆಗಲೇ ದೂರು ಬಂದಿತ್ತು. "ಮೊದಲು ಕೆಟ್ಟರೆ ಒಂದೂರು ಕೆಡ್ತಿತ್ತು. ಈಗ ನೋಡು, ಒಂದೇ ಏಟಿಗೆ ಎಲ್ಲ ಊರೂ! ಇದಕ್ಕಾ ಇಷ್ಟೆಲ್ಲ ಮಾಡಿದ್ದು?"

"ಒಂದೂರು ಕೆಟ್ಟಾಗ ನಮಗೆ ಗೊತ್ತೇ ಆಗಲಿಲ್ಲ ಮೇಡಂ" ಎಂದಳು ಸ್ವರ್ಣಲತಾ. ಕೊನೆಗೆ ಮೇಡಂ, ಮುಂದಿನ ಸಲ ತಿದ್ದುವಾಗ ಮೊದಲು ಒಂದೂರಿಗೆ ಹಾಕಿ ನೋಡಿ, ಮಿಕ್ಕವಕ್ಕೆ ಆಮೇಲೆ ಹಾಕು ಎಂದರು. ಅದು ಸರಿಯಾದ ಮಾತು. ಅವಳು ಹಾಗೇ ಮಾಡಿದಳು.

ಸಂಸ್ಥೆಗೆ ಬರುವ ವರ್ಷ ಹಣ ಬರುವುದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಅವಳು ಮಾದೇಶನ ಬೈಕಿನಲ್ಲಿ ಗುಡ್ಡೆಹುಂಡಿಗೆ ಹೋದಳು. ಚಿಕ್ಕನಿಂಗಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ನಿಲ್ಲಲು ಕೋಲು ಬೇಕು, ಬಚ್ಚಲಿಗೆ ಹೋಗಲು ಬೀರಯ್ಯ ಬೇಕು. ಹೂವಿನ ಹೊಲವನ್ನು ಬೇರೆಯವರಿಗೆ ಬೆಳೆಯ ಪಾಲಿನ ಮೇಲೆ ವಾರಕ್ಕೆ ಕೊಟ್ಟಿದ್ದರು. ಪಕ್ಕದಲ್ಲಿ ಅವಳ ಸಣ್ಣ ಫೋನು ಇತ್ತು.

"ದಿನಾ ಬೆಳಿಗ್ಗೆ ಬತ್ತದೆ ಕಣವ್ವ ನಿಮ್ ಫೋನು" ಎಂದಳು. "ಒಲಕ್ಕೆ ಓಗ್ಬೋದು, ಆನೆ ಇಲ್ಲ ಅಂತದೆ."

ಆ ಹೆಂಗಸು ಇನ್ನೆಂದೂ ಹೊಲಕ್ಕೆ ಹೋಗುವವಳಲ್ಲ. ಈ ನಂಬರನ್ನು ಊರಿನ ಪುಟದಿಂದ ತೆಗೆಯಬೇಕೆಂದು ಸ್ವರ್ಣಲತಾಳಿಗೆ ಹೊಳೆದೇ ಇರಲಿಲ್ಲ. "ನಿಮ್ಮ ನಂಬರ್ ತೆಗೆದುಬಿಡ್ಲಾ ಅವ್ವ?" ಎಂದು ಮೆಲ್ಲಗೆ ಕೇಳಿದಳು.

ಚಿಕ್ಕನಿಂಗಮ್ಮ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬ್ಯಾಡ ಬುಡು, ಬರ್ಲಿ" ಎಂದಳು. "ಇವ್ರು ಅವ್ರಿವ್ರ ಒಲಕ್ಕೆ ನೀರ್ ಕಟ್ಟಕ್ಕೆ ಓಯ್ತಾರಲ್ಲ."

ಮಾದೇಶ ಬೈಕು ಹತ್ತಿ ಕೂಗಿದ. ಬೀರಯ್ಯ ಹಿತ್ತಲಿಂದ ಬಂದು, ಬೇಡ ಬೇಡವೆಂದರೂ ಒಂದು ಚೀಲ ಅವರೆಕಾಯಿ ಅವಳ ಕೈಗೆ ಹಾಕಿದ. ಅದನ್ನು ಮಡಿಲಲ್ಲಿಟ್ಟುಕೊಂಡು ಅವಳು ಮಾದೇಶನ ಹಿಂದೆ ತೆರಕಣಾಂಬಿಯವರೆಗೆ ಕೂತು ಬಂದಳು.